ನಿಂತ ಕಾಲು ಮತ್ತೆ ಓಡುವುದು ಹೇಗೆ?



ಕಳಸದಿಂದ ಹೊರನಾಡಿಗೆ ಸುಮಾರು 8 ಕಿಲೋಮೀಟರ್. ಹೋಗಿ, ಬಂದು, ಮತ್ತೊಮ್ಮೆ ಅರ್ಧದಾರಿಗಿಂತ ತುಸು ಮುಂದೆ ಹೋದರೆ ಎಷ್ಟು ದೂರವಾಗುತ್ತದೋ ಹೆಚ್ಚುಕಡಿಮೆ ಅಷ್ಟು ದೂರದ ಓಟಕ್ಕೆ ಅರ್ಧ ಮ್ಯಾರಥಾನ್ ಎಂದು ಹೆಸರು. ಕರಾರುವಾಕ್ಕಾಗಿ ಹೇಳಬೇಕೆಂದರೆ 21.0975 ಕಿ.ಮೀ. ನಮ್ಮ ದೇಶದ ಅವಿನಾಶ್ ಸಾಬ್ಳೆ 2020ರಲ್ಲಿ ದೆಹಲಿಯಲ್ಲಿ ಇದನ್ನು 1 ಗಂಟೆ 30 ಸೆಕೆಂಡುಗಳಲ್ಲಿ ಓಡಿ ಮುಗಿಸಿದರು. ನನ್ನಂಥ ಸಾಮಾನ್ಯ ಓಟಗಾರನಿಗೆ ಎರಡು ಗಂಟೆ ಬೇಕು.

ಆ ಎರಡು ಗಂಟೆಯ ಓಟ ನನ್ನಿಂದ ಹದಿನಾಲ್ಕು ತಿಂಗಳು ದೂರವಾಗಿತ್ತು. ಕಾಫಿ ಕೊಯ್ಲಿನ ಚಿತ್ರೀಕರಣಕ್ಕೆಂದು ಮೂಡಿಗೆರೆಯ ಕಡೆಗೆ ಹೋಗಿದ್ದಾಗ, ಬೆಳಗಿನ ಮಂಜಿನಲ್ಲಿ ತೋಟದ ಏರುದಾರಿಯಲ್ಲಿ ಓಡುತ್ತಿದ್ದೆ. ಹಿಮ್ಮಡಿಯ ಮೇಲೆ ಯಾರೋ ಚಿವುಟಿದಂತಾಯಿತು. ನಿಲ್ಲಲಿಲ್ಲ. ಮರುದಿನವೂ ಓಡಿದೆ, ಅದರ ಮರುದಿನವೂ ಓಡಿದೆ. ಎರಡು ವಾರದಲ್ಲಿ ಮೆಟ್ಟಿಲು ಇಳಿಯುವುದೂ ಕಷ್ಟವಾಯಿತು. ಆಗ ಐದು ವಾರ ಸುಮ್ಮನೆ ಕುಳಿತೆ. ನೋವು ಹೋಯಿತು. ಖುಷಿಯಿಂದ 10 ಕಿ.ಮೀ. ಓಡಿದೆ. ನೋವು ಮೊದಲಿಗಿಂತ ಜೋರಾಗಿ ತಿರುಗಿ ಬಂತು. ವಿಜ್ಞಾನ ಓದಿದವನು ನಾನು. ಆದರೂ ನೋವಿಲ್ಲದಿರುವುದೇ ಗುಣವಾಗಿರುವುದು ಎಂದು ನಂಬಿದ್ದೆ. ಆ ನಂಬಿಕೆ ಏಕೆ ತಪ್ಪು ಎಂಬುದನ್ನು ಈ ಪುಟಗಳಲ್ಲಿ ನೋಡೋಣ. ಪರದೆಯ ಮೇಲಿನ ಮಾತುಕತೆಯಲ್ಲಿ ಇದಕ್ಕೆಲ್ಲ ಸಮಯ ಸಾಲದು.

ಮೊದಲು ಒಂದು ಲೆಕ್ಕ

ಓಡುವಾಗ ಒಂದು ಹೆಜ್ಜೆಗೆ ಸುಮಾರು ಒಂದು ಮೀಟರ್ ಎಂದಿಟ್ಟುಕೊಳ್ಳಿ. ಅರ್ಧ ಮ್ಯಾರಥಾನಿಗೆ ಸುಮಾರು 20,000 ಹೆಜ್ಜೆ; ಒಂದೊಂದು ಕಾಲಿಗೆ 10,000. ನಡೆಯುವಾಗ ಒಂದಲ್ಲ ಒಂದು ಪಾದ ಸದಾ ನೆಲದ ಮೇಲಿರುತ್ತದೆ. ಓಡುವಾಗ ಎರಡೂ ಪಾದಗಳು ಗಾಳಿಯಲ್ಲಿರುವ ಕ್ಷಣವೊಂದಿದೆ. ಆಮೇಲೆ ಇಡೀ ದೇಹ ಒಂದೇ ಕಾಲಿನ ಮೇಲೆ ಬೀಳುತ್ತದೆ. ಆಗ ಆ ಕಾಲು ತಡೆಯುವ ಬಲ ದೇಹದ ತೂಕದ ಎರಡರಿಂದ ಮೂರು ಪಟ್ಟು. 60 ಕೆ.ಜಿ. ತೂಕದವರಿಗೆ ಅದು 120ರಿಂದ 180 ಕೆ.ಜಿ. ಅಂದರೆ 50 ಕೆ.ಜಿ.ಯ ಕಾಫಿ ಚೀಲಗಳು ಎರಡೂವರೆಯಿಂದ ಮೂರೂವರೆ, ಅದೂ ಒಂದೇ ಕಾಲಿನ ಮೇಲೆ, ಹತ್ತು ಸಾವಿರ ಸಲ!

ಈ ಭಾರವನ್ನು ಹೊರುವುದು ಯಾವುದು? ಮೀನಖಂಡದ ಸ್ನಾಯುವನ್ನು ಹಿಮ್ಮಡಿಯ ಮೂಳೆಗೆ ಬಿಗಿಯುವ ಗಟ್ಟಿಯಾದ ಹುರಿಯೊಂದಿದೆ. ಪಾದದ ಹಿಂಭಾಗದಲ್ಲಿ ಎರಡು ಬೆರಳಿನಿಂದ ಹಿಡಿದು ನೋಡಿ, ಸಿಗುತ್ತದೆ. ಇದೇ ಅಕಿಲಿಸ್ ಸ್ನಾಯುರಜ್ಜು. ನನಗೆ ಪೆಟ್ಟಾಗಿದ್ದು ಇದಕ್ಕೆ.

ಬೇಗ ಹಾಳಾಗುವುದು, ಬೇಗ ಬರುವುದು

ಓಟ ನಿಲ್ಲಿಸಿದರೆ ದೇಹಕ್ಕೆ ಏನಾಗುತ್ತದೆ? 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಒಂದು ಪ್ರಯೋಗ ನಡೆಯಿತು. 20 ವರ್ಷ ವಯಸ್ಸಿನ, ಆರೋಗ್ಯವಂತರಾದ ಐದು ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಶ್ರಮಪಡುವಾಗ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣ ಅವರಲ್ಲಿ ಕಾಲುಭಾಗಕ್ಕೂ ಹೆಚ್ಚು ಕುಸಿಯಿತು. ಆಮೇಲೆ ಸುಮಾರು ಎಂಟು ವಾರ ತರಬೇತಿ ಕೊಟ್ಟಾಗ ಅದು ಮರಳಿ ಬಂದಿದ್ದಲ್ಲದೆ, ಮೊದಲಿಗಿಂತ ಮೇಲಕ್ಕೇರಿತು. ಮೂವತ್ತು ವರ್ಷಗಳ ನಂತರ, 1996ರಲ್ಲಿ, ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಮೂವತ್ತು ವರ್ಷದ ಮುಪ್ಪು ಮಾಡಿದ ಹಾನಿಗಿಂತ ಮೂರು ವಾರದ ಹಾಸಿಗೆ ಮಾಡಿದ್ದ ಹಾನಿಯೇ ಹೆಚ್ಚು ಎಂದು ಕಂಡುಬಂತು.

ಇದರಿಂದ ಎರಡು ಸಂಗತಿ ತಿಳಿಯುತ್ತದೆ. ಗಾಯವಾಯಿತೆಂದು ಪೂರ್ತಿ ಮಲಗಿಬಿಡುವುದು ಒಳ್ಳೆಯದಲ್ಲ; ವೈದ್ಯರು ಒಪ್ಪಿದರೆ ಸೈಕಲ್ ತುಳಿಯಬಹುದು, ಈಜಬಹುದು. ಎರಡನೆಯದು, ಹೃದಯ ಮತ್ತು ರಕ್ತ ಕಳೆದುಕೊಂಡದ್ದು ವಾರಗಳಲ್ಲಿ ಮರಳಿ ಬರುತ್ತದೆ.

ಅಪಾಯವಿರುವುದೂ ಇಲ್ಲೇ.

ನಿಧಾನವಾಗಿ ಬರುವುದು

ಸ್ನಾಯು ಕೆಂಪಗಿದೆ, ಅದರಲ್ಲಿ ರಕ್ತನಾಳಗಳು ಹೇರಳವಾಗಿವೆ. ಸ್ನಾಯುರಜ್ಜು ಬಿಳುಪಾಗಿದೆ, ಏಕೆಂದರೆ ಅಲ್ಲಿ ರಕ್ತನಾಳಗಳು ವಿರಳ. ಅದರ ಮುಖ್ಯ ವಸ್ತು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು. ಗಾಯವಾದಾಗ ಮೊದಲ ಕೆಲವು ದಿನ ಊತ; ನಂತರದ ವಾರಗಳಲ್ಲಿ ಹೊಸ ಎಳೆಗಳು ಹುಟ್ಟುತ್ತವೆ. ಆದರೆ ಅವು ಅಡ್ಡಾದಿಡ್ಡಿಯಾಗಿ, ತೆಳುವಾಗಿ ಇರುತ್ತವೆ. ಅವು ಎಳೆತದ ದಿಕ್ಕಿಗೆ ಸಾಲಾಗಿ, ಹುರಿಗಟ್ಟಿ ಬಲವಾಗಲು ಅನೇಕ ತಿಂಗಳು ಬೇಕು. ನೋವು ಹೋಗುವುದು ಎರಡನೆಯ ಹಂತದಲ್ಲಿ, ಬಲ ಬರುವುದು ಮೂರನೆಯ ಹಂತದಲ್ಲಿ. ನಾನು 10 ಕಿ.ಮೀ. ಓಡಿದ್ದು ಈ ಎರಡರ ನಡುವೆ.

ಮೂಳೆಯದೂ ಇದೇ ಕಥೆ. ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವುಲ್ಫ್ 1892ರಲ್ಲೇ ಬರೆದರು. ಆದರೆ ಹೊಸದನ್ನು ಕಟ್ಟುವ ಮೊದಲು ಹಳೆಯದನ್ನು ಕರಗಿಸಬೇಕು. ಕರಗಿಸಲು ವಾರಗಳು, ಕಟ್ಟಲು ತಿಂಗಳುಗಳು. ನಡುವಿನ ಅವಧಿಯಲ್ಲಿ ಮೂಳೆ ದುರ್ಬಲ. ಆಗ ಅವಸರ ಮಾಡಿದರೆ ಕೂದಲೆಳೆಯಷ್ಟು ಸಣ್ಣ ಬಿರುಕು ಬೀಳಬಹುದು.

ಮಲೆನಾಡಿನ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಳೆಯ ಕಾಫಿ ಗಿಡವನ್ನು ಬುಡದಿಂದ ಒಂದಡಿ ಬಿಟ್ಟು ಕಡಿದರೆ ಹೊಸ ಚಿಗುರು ಬೇಗನೆ ಬರುತ್ತದೆ. ಆದರೆ ಚಿಗುರು ಕಂಡಿತೆಂದು ಆ ವರ್ಷವೇ ಫಸಲು ಕೇಳುವ ಬೆಳೆಗಾರ ಯಾರೂ ಇಲ್ಲ.

ಹಗ್ಗದ ಎರಡು ತುದಿ

ಮೂಡಿಗೆರೆ ತಾಲ್ಲೂಕಿನ ರಕ್ಷಿತಾ ರಾಜು ಅವರ ಹೆಸರು ನಿಮಗೆ ಗೊತ್ತಿರಬೇಕು. ಕಣ್ಣು ಕಾಣದ ಈ ಓಟಗಾರ್ತಿ 2018ರಲ್ಲಿ ಜಕಾರ್ತದಲ್ಲಿ, 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟಗಳಲ್ಲಿ 1500 ಮೀಟರ್ ಓಟದ ಚಿನ್ನ ಗೆದ್ದರು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲೂ ಓಡಿದರು. ಅವರ ವಿಭಾಗದಲ್ಲಿ ಕಣ್ಣಿರುವ ಮಾರ್ಗದರ್ಶಕರೊಬ್ಬರು ಜೊತೆಗೆ ಓಡುತ್ತಾರೆ. ಇಬ್ಬರ ಕೈಗಳ ನಡುವೆ ಒಂದು ಚಿಕ್ಕ ಹಗ್ಗ. ಮಾರ್ಗದರ್ಶಕರು ಎಷ್ಟೇ ವೇಗಶಾಲಿಯಾದರೂ ಓಟಗಾರ್ತಿಗಿಂತ ಮೊದಲು ಗೆರೆ ದಾಟುವಂತಿಲ್ಲ. ದಾಟಿದರೆ ಆ ಓಟ ಲೆಕ್ಕಕ್ಕಿಲ್ಲ.

ಗಾಯದಿಂದ ಮರಳುವವರ ದೇಹದೊಳಗೂ ಇಂಥ ಜೋಡಿ ಓಟ ನಡೆಯುತ್ತದೆ. ಹೃದಯ ಎರಡೇ ತಿಂಗಳಲ್ಲಿ "ನಾನು ಸಿದ್ಧ" ಎನ್ನುತ್ತದೆ. ಸ್ನಾಯುರಜ್ಜು ಇನ್ನೂ ಹಿಂದಿದೆ. ಗೆರೆಯನ್ನು ಮೊದಲು ದಾಟಬೇಕಾದದ್ದು ಹಿಂದಿರುವುದೇ.

ಹಾಗಾದರೆ ಮಾಡುವುದೇನು?

ಸ್ವೀಡನ್ನಿನ ವೈದ್ಯ ಹೋಕನ್ ಆಲ್ಫ್ರೆಡ್‌ಸನ್ ಅವರು ಇದೇ ಬಗೆಯ ನೋವಿದ್ದ 15 ಹವ್ಯಾಸಿ ಕ್ರೀಡಾಪಟುಗಳ ಮೇಲೆ ನಡೆಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಉಪಾಯ ಸರಳ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಊರಿ ನಿಲ್ಲಬೇಕು. ನೋವಿರುವ ಕಾಲಿನ ಮೇಲೆ ಭಾರ ಹಾಕಿ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸಬೇಕು. ಮೇಲೇಳಲು ಮಾತ್ರ ಇನ್ನೊಂದು ಕಾಲು. ಮಂಡಿ ನೇರವಾಗಿಟ್ಟು 15 ಸಲದಂತೆ ಮೂರು ಆವರ್ತನೆ, ಮಂಡಿ ಬಗ್ಗಿಸಿ ಮೂರು ಆವರ್ತನೆ, ದಿನಕ್ಕೆರಡು ಬಾರಿ. ಲೆಕ್ಕ ಹಾಕಿ: ದಿನಕ್ಕೆ 180. ಹೀಗೆ 12 ವಾರ. ಹದಿನೈದು ಮಂದಿಯೂ ಓಟಕ್ಕೆ ಮರಳಿದರು. ಎಲ್ಲರಿಗೂ ಎಲ್ಲ ಕಾಲಕ್ಕೂ ಇದು ಫಲ ಕೊಡುತ್ತದೆಂದಲ್ಲ. ಆದರೆ ಗಾಯಗೊಂಡ ರಜ್ಜುವಿಗೆ ಬೇಕಾದದ್ದು ಬರಿಯ ವಿಶ್ರಾಂತಿಯಲ್ಲ, ಅಳತೆಯ ಭಾರ ಎಂಬ ತಿಳಿವಳಿಕೆ ಆಗ ಗಟ್ಟಿಯಾಯಿತು.

ನಾನೂ ಫಿಸಿಯೋಥೆರಪಿಸ್ಟ್ ಒಬ್ಬರ ಮಾರ್ಗದರ್ಶನದಲ್ಲಿ ಇದನ್ನೇ ಮಾಡಿದೆ. ಆಮೇಲೆ ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ. ದಿನ ಬಿಟ್ಟು ದಿನ. ಕ್ರಮೇಣ ಓಟದ ನಿಮಿಷ ಹೆಚ್ಚು, ನಡಿಗೆ ಕಡಿಮೆ. ಶಾಲೆಗೆ ಹೋಗುವ ಹುಡುಗರು ಸೈಕಲ್ಲಿನಲ್ಲಿ ನನ್ನನ್ನು ದಾಟಿ ಹೋಗಿ ತಿರುಗಿ ನೋಡಿ ನಗುತ್ತಿದ್ದರು. ಸಮತಟ್ಟಾದ ದಾರಿಯನ್ನೇ ಹುಡುಕಬೇಕಾಗಿತ್ತು. ನಮ್ಮ ಗುಡ್ಡಗಳಲ್ಲಿ ಅದೇ ಕಷ್ಟ. ಏರುವಾಗ ಹಿಮ್ಮಡಿಯ ರಜ್ಜು ಹೆಚ್ಚು ಎಳೆಯುತ್ತದೆ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ದೇಹವನ್ನು ತಡೆಹಿಡಿಯಬೇಕು, ಮಂಡಿಗೂ ಪೆಟ್ಟು ಜಾಸ್ತಿ. ಹಾಗಾಗಿ ಏರಿಳಿತದ ದಾರಿ ಕೊನೆಗೆ. ಮಳೆಗಾಲದಲ್ಲಿ ಪಾಚಿಗಟ್ಟಿದ ದಾರಿಯಂತೂ ಬೇಡವೇ ಬೇಡ.

ಹದಿನಾಲ್ಕನೆಯ ತಿಂಗಳಿನಲ್ಲಿ ಅರ್ಧ ಮ್ಯಾರಥಾನ್ ಓಡಿದೆ. 2 ಗಂಟೆ 21 ನಿಮಿಷ. ಮೊದಲಿಗಿಂತ 25 ನಿಮಿಷ ತಡ. ಹಿಂದಿನ ಯಾವ ಓಟದ ನಂತರವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ನಿಮಗೊಂದು ಮಾತು

ನಿಮ್ಮಲ್ಲಿ ಕೆಲವರು ಈಗಲೇ ಶಾಲೆಯ, ಕಾಲೇಜಿನ ತಂಡದಲ್ಲಿ ಓಡುತ್ತಿರಬಹುದು. ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿಗಳಲ್ಲಿ ಮೃದುವಾದ ಬೆಳವಣಿಗೆಯ ಪದರವಿರುತ್ತದೆ. ಅತಿ ಓಟದ ಪೆಟ್ಟು ಅದಕ್ಕೂ ತಾಗುತ್ತದೆ. "ಶನಿವಾರ ಫೈನಲ್ ಇದೆ, ಒಂದು ಮಾತ್ರೆ ನುಂಗಿ ಓಡು" ಎಂದು ಹೇಳುವವರು ಇರುತ್ತಾರೆ. ಹೇಳುವವರ ಉದ್ದೇಶ ಕೆಟ್ಟದ್ದಲ್ಲದಿರಬಹುದು. ಆದರೆ ಮಾತ್ರೆ ಗಾಯವನ್ನು ಮಾಯಿಸುವುದಿಲ್ಲ, ಸುದ್ದಿಯನ್ನು ಮುಚ್ಚಿಡುತ್ತದೆ ಅಷ್ಟೆ. ಮೂಳೆಯ ಮೇಲೆ ಬೆರಳಿಟ್ಟ ಒಂದೇ ಜಾಗದಲ್ಲಿ ನೋವಿದ್ದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ, ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಉಳಿದಂತೆ ನನ್ನ ಹಿಮ್ಮಡಿ ನನಗೆ ಕಲಿಸಿದ ಪರೀಕ್ಷೆ ಒಂದೇ. ಓಡುವಾಗ ಹೇಗಿತ್ತು ಎಂದು ಕೇಳಬೇಡಿ. ಬಿಸಿಯಾದ ಕಾಲು ಸುಳ್ಳು ಹೇಳುತ್ತದೆ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಡಿ. ಆ ಹೆಜ್ಜೆ ನಿನ್ನೆಯಂತೆಯೇ ಇದ್ದರೆ ಇವತ್ತು ಸ್ವಲ್ಪ ಹೆಚ್ಚು ಓಡಬಹುದು. ನಿನ್ನೆಗಿಂತ ನೋವಾದರೆ ಶೂಗಳನ್ನು ಅಲ್ಲೇ ಬಿಡಿ. ದಾರಿ ಎಲ್ಲಿಗೂ ಹೋಗುವುದಿಲ್ಲ.