ಹಿಮದ ಚಾಂಪಿಯನ್‌ಗಳಿಗೇಕೆ ಉಬ್ಬಸ?

ಎಂಟು ಒಲಿಂಪಿಕ್ ಚಿನ್ನ ಗೆದ್ದ ನಾರ್ವೆಯ ಸ್ಕೀ ಪಟು ಮಾರಿಟ್ ಬ್ಯೋರ್ಗೆನ್‌ಗೆ ಆಸ್ತಮಾ ಇದೆ! ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಇದು ಅಪರೂಪವೇನಲ್ಲ.

ಸುಮ್ಮನೆ ಕೂತಾಗ ನಮಗೆ ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಸಾಕು. ಸ್ಪರ್ಧೆಯಲ್ಲಿ ಸ್ಕೀ ಪಟುಗಳಿಗೆ 100 ಲೀಟರಿಗೂ ಹೆಚ್ಚು ಬೇಕು. ಮೂಗೊಂದೇ ಸಾಲದು, ಬಾಯಿ ತೆರೆಯಲೇಬೇಕು. ಆಗ ಕೊರೆಯುವ ಒಣಗಾಳಿ ಬೆಚ್ಚಗಾಗುವ ಮೊದಲೇ ಒಳಗಿಳಿಯುತ್ತೆ. ಶ್ವಾಸನಾಳದ ಒಳಪದರ ಒಣಗುತ್ತೆ, ಸುತ್ತಲಿನ ಸ್ನಾಯು ಬಿಗಿಯುತ್ತೆ. ಕೆಮ್ಮು, ಏದುಸಿರು, ಎದೆಯಲ್ಲಿ ಸುಯ್ ಸದ್ದು!

ಅದಕ್ಕೇ ಚಳಿ ಮೈನಸ್ 20 ಡಿಗ್ರಿ ದಾಟಿದರೆ ಅಂತರರಾಷ್ಟ್ರೀಯ ರೇಸ್ ನಡೆಸಲ್ಲ. ಡೋಪಿಂಗ್ ನಿಯಮದಲ್ಲಿ ಆಸ್ತಮಾ ಔಷಧಿಗೂ ಲೆಕ್ಕವಿದೆ: ಇನ್ಹೇಲರ್‌ನ ಸಾಲ್ಬುಟಮಾಲ್ 24 ಗಂಟೆಗೆ 1600 ಮೈಕ್ರೋಗ್ರಾಂ ಮೀರಬಾರದು. ಸಾಲ್ಬುಟಮಾಲ್ ಪ್ರಮಾಣ ಮೀರಿದ್ದಕ್ಕೇ ನಾರ್ವೆಯ ಮಾರ್ಟಿನ್ ಸುಂಡ್‌ಬಿ 2015ರ ‘ಟೂರ್ ಡಿ ಸ್ಕೀ’ ಸ್ಪರ್ಧೆಯ ಪಟ್ಟ ಕಳೆದುಕೊಂಡರು.

ಚಳಿಯಲ್ಲಿ ಓಡಿದಾಗ ನಿಮಗೂ ಕೆಮ್ಮು ಬರುತ್ತಾ? ವೈದ್ಯರಿಗೆ ತೋರಿಸಿ.