7000 ಕಲ್ಲು, 7000 ಮರ

ಕಲಾಪ್ರದರ್ಶನವೆಂದರೆ ಗೋಡೆಗೆ ತೂಗುಹಾಕಿದ ಚಿತ್ರಗಳು, ಮುಟ್ಟಬಾರದೆಂಬ ಫಲಕಗಳು, ಪಿಸುದನಿಯಲ್ಲಿ ಮಾತನಾಡುವ ರಸಿಕರು—ಸಾಮಾನ್ಯರ ಕಲ್ಪನೆ ಇಷ್ಟೇ. ಆದರೆ ಜರ್ಮನಿಯ ಕಾಸೆಲ್ ನಗರದ ಪೌರರಿಗೆ 1982ರಲ್ಲಿ ಎದುರಾದ ಕಲಾಕೃತಿ ಬೇರೆಯೇ ಬಗೆಯದು. ವಸ್ತುಸಂಗ್ರಹಾಲಯದ ಮುಂದಣ ಚೌಕದಲ್ಲಿ 7000 ಕರಿಗಲ್ಲಿನ ಕಂಬಗಳು ರಾಶಿ ಬಿದ್ದಿದ್ದುವು!

ಕಾಸೆಲ್ 1943ರ ಅಕ್ಟೋಬರಿನ ಬಾಂಬುದಾಳಿಗೆ ಸಿಕ್ಕಿ ಸುಟ್ಟು ಬೂದಿಯಾಗಿದ್ದ ಊರು. ನಾಜಿಗಳು ‘ಭ್ರಷ್ಟ ಕಲೆ’ಯೆಂದು ಹೀಗಳೆದು ಬಹಿಷ್ಕರಿಸಿದ್ದ ಆಧುನಿಕ ಕೃತಿಗಳನ್ನು ಮತ್ತೆ ಜನರ ಕಣ್ಣೆದುರಿಗೆ ತರಬೇಕೆಂದು ಚಿತ್ರಕಾರ ಆರ್ನಾಲ್ಡ್ ಬೋಡೆ ಅಲ್ಲಿ 1955ರಲ್ಲಿ ‘ಡಾಕ್ಯುಮೆಂಟಾ’ ಉತ್ಸವವನ್ನು ಆರಂಭಿಸಿದನು. ಇಂದು ಅದು ಐದು ವರ್ಷಕ್ಕೊಮ್ಮೆ, ನೂರು ದಿನಗಳ ಕಾಲ ನಡೆಯುತ್ತದೆ.

ಏಳನೆಯ ಉತ್ಸವಕ್ಕೆ ಶಿಲ್ಪಿ ಯೋಸೆಫ್ ಬಾಯ್ಸ್ ಮುಂದಿಟ್ಟ ಯೋಜನೆ ಸರಳವಾಗಿತ್ತು. ನಗರದಲ್ಲಿ 7000 ಸಸಿಗಳನ್ನು ನೆಡಬೇಕು; ಪ್ರತಿಯೊಂದರ ಪಕ್ಕದಲ್ಲಿಯೂ ಒಂದು ಕಲ್ಲನ್ನು ನಿಲ್ಲಿಸಬೇಕು. ಸಸಿ ನೆಟ್ಟ ಹೊರತು ಕಲ್ಲು ಕದಲುವಂತಿಲ್ಲ. ಊರು ಹಸುರಾದಷ್ಟೂ ರಾಶಿ ಕರಗುವುದು; ಊರು ಮೈಮರೆತರೆ ರಾಶಿ ಕಣ್ಣು ಚುಚ್ಚುತ್ತ ಅಲ್ಲಿಯೇ ಬಿದ್ದಿರುವುದು. ಕೃತಿಯ ಹೆಸರಿನಲ್ಲಿ ಓಕ್ ಮರವೊಂದೇ ಇದ್ದರೂ ಆಶ್, ಲಿಂಡನ್, ಮೇಪಲ್ ಮೊದಲಾದುವೂ ಜೊತೆಗೂಡಿದುವು. ಕೃತಿಗೆ ಆತನು ಕೊಟ್ಟ ಉಪನಾಮ, ‘ನಗರಾಡಳಿತದ ಬದಲು ನಗರಾರಣ್ಯ’. ಜರ್ಮನ್ ಭಾಷೆಯಲ್ಲಿ ಈ ಎರಡು ಪದಗಳಿಗೂ ಇರುವ ಅಂತರ ಒಂದೇ ಅಕ್ಷರ!

ಜನ ಒಡನೆಯೇ ಮೆಚ್ಚಿದರೆ? ಇಲ್ಲ. ಚೌಕ ಕುರೂಪವಾಯಿತೆಂದು ಕೆಲವರು, ಮರಗಳಿಂದ ಮೋಟಾರು ನಿಲ್ಲಿಸುವ ಸ್ಥಳ ಹೋಯಿತೆಂದು ಕೆಲವರು ಸಿಡಿಮಿಡಿಗೊಂಡರು. ಹಣದ ಚಿಂತೆಯೂ ಸಣ್ಣದಾಗಿರಲಿಲ್ಲ. ಒಂದು ಸಸಿ, ಒಂದು ಕಲ್ಲಿಗೆ 500 ಮಾರ್ಕ್ ದಾನ ಕೇಳಲಾಯಿತು. ರಷ್ಯದ ಚಕ್ರವರ್ತಿ ‘ಭಯಂಕರ ಇವಾನ್’ನ ಕಿರೀಟದ ಚಿನ್ನದ ಪ್ರತಿಕೃತಿಯೊಂದನ್ನು ಬಾಯ್ಸ್ ಬಹಿರಂಗವಾಗಿ ಕರಗಿಸಿ, ಮೊಲದ ಬೊಂಬೆಯಾಗಿ ಎರಕ ಹೊಯ್ದನು, ಅದನ್ನು ಮಾರಿ ಬಂದ ಹಣವೂ ಸಸಿಗಳಿಗೆ ಸಂದಿತು.

ಆದರೂ ಕೆಲಸ ನಡೆದದ್ದು ಪೌರರಿಂದಲೇ. ಸಸಿ ಎಲ್ಲಿ ಬೇಕೆಂಬುದನ್ನು ಶಾಲೆಗಳು, ಸಂಘಗಳು, ಬಡಾವಣೆಗಳ ನಿವಾಸಿಗಳು ಸೂಚಿಸಿದರು. ನೋಡಲು ಬಂದವರು ನೆಡುವವರಾದರು. ರಾಶಿ ದಿನೇ ದಿನೇ ಕುಗ್ಗಿತು.

ರಾಶಿ ಪೂರ್ತಿ ಕರಗಿದ್ದನ್ನು ಕಾಣಲು ಬಾಯ್ಸ್ ಉಳಿಯಲಿಲ್ಲ. 1986ರ ಜನವರಿಯಲ್ಲಿ ತೀರಿಕೊಂಡನು. 1987ರ ಜೂನ್‌ನಲ್ಲಿ, ಎಂಟನೆಯ ಉತ್ಸವದ ಆರಂಭದಂದು, ತಂದೆ ನೆಟ್ಟ ಮೊದಲ ಮರದ ಮಗ್ಗುಲಲ್ಲಿ ಮಗನು ಕೊನೆಯ ಸಸಿಯನ್ನು ನೆಟ್ಟನು.

ನೂರು ದಿನಗಳ ಉತ್ಸವಗಳು ಬಂದು ಹೋಗುತ್ತವೆ. ನೆಟ್ಟಾಗ ಸಸಿಗಿಂತ ಕಲ್ಲೇ ದಪ್ಪವಾಗಿತ್ತು; ಇಂದು ಮರ ಮುಗಿಲಿಗೆ ಚಾಚಿದೆ, ಕಲ್ಲು ಅದರ ಬುಡದಲ್ಲಿ ಪುಟ್ಟದಾಗಿ ನಿಂತಿದೆ. ಅಂದು ಗೊಣಗಿದವರ ಮೊಮ್ಮಕ್ಕಳು ಅದೇ ನೆರಳಿನಲ್ಲಿ ಶಾಲೆಗೆ ನಡೆದುಹೋಗುತ್ತಾರೆ.