ಚಳಿಗಾಲದಲ್ಲಿ ಮರಳುಗಲ್ಲಿನ ಆರೋಹಣ

ಜರ್ಮನಿಯ ಡ್ರೆಸ್ಡೆನ್ ನಗರದ ಬಳಿ, ಎಲ್ಬೆ ನದಿಯ ಇಕ್ಕೆಲಗಳಲ್ಲಿ, ಮರಳುಗಲ್ಲಿನ ನೂರಾರು ಸ್ತಂಭಗಳು ನೆಟ್ಟನೆ ನಿಂತಿವೆ. 1864ರಲ್ಲಿ ಸಮೀಪದ ಊರಿನ ಅಂಗಸಾಧಕರು ಫಾಲ್ಕೆನ್‌ಸ್ಟೈನ್ ಎಂಬ ಸ್ತಂಭದ ನೆತ್ತಿಯನ್ನು ಮುಟ್ಟಿದರು. ಕ್ರಮೇಣ ಬಂಡೆ ಹತ್ತುವುದು ಅಲ್ಲಿಯ ಸಂಪ್ರದಾಯವೇ ಆಯಿತು. ಆ ಸಂಪ್ರದಾಯದ ಕಟ್ಟುನಿಟ್ಟಾದ ನಿಯಮಗಳಲ್ಲೊಂದು ಇದು: ಒದ್ದೆಯಾದ ಬಂಡೆಯನ್ನು ಹತ್ತಕೂಡದು. ಕಾಲು ಜಾರೀತೆಂಬ ಭಯವೇ ಇದಕ್ಕೆ ಕಾರಣವೆಂದು ವಾಚಕರು ಊಹಿಸಬಹುದು. ಆದರೆ ಮುಖ್ಯ ಕಾರಣ ಕಲ್ಲಿನ ಒಡಲೊಳಗೇ ಇದೆ.

ಸುಮಾರು 9ರಿಂದ 10 ಕೋಟಿ ವರ್ಷಗಳ ಹಿಂದೆ ಸಮುದ್ರತಳದಲ್ಲಿ ಶೇಖರವಾದ ಮರಳೇ ಈ ಕಲ್ಲು. ಇದರ ರಚನೆಯನ್ನು ತಿಳಿಯಲು ರವೆಯುಂಡೆಯನ್ನು ನೆನೆಯಿರಿ. ರವೆಯ ಕಾಳುಗಳು ಒಂದನ್ನೊಂದು ಅಲ್ಲಲ್ಲಿ ಮಾತ್ರ ಮುಟ್ಟುತ್ತವೆ; ಅಲ್ಲಿ ಪಾಕ ಅವನ್ನು ಬಂಧಿಸುತ್ತದೆ; ಉಳಿದೆಡೆ ಬರಿಯ ರಂಧ್ರಗಳು. ಮರಳುಗಲ್ಲಿನಲ್ಲಿ ರವೆಯ ಸ್ಥಾನದಲ್ಲಿ ಸ್ಫಟಿಕದ ಕಣಗಳೂ ಪಾಕದ ಸ್ಥಾನದಲ್ಲಿ ಸಿಲಿಕ, ಜೇಡಿ ಮೊದಲಾದ ಬಂಧಕಗಳೂ ಇವೆ.

ಮಳೆ ಬಿದ್ದಾಗ ನೀರು ಕೇಶಾಕರ್ಷಣದಿಂದ ಈ ರಂಧ್ರಗಳೊಳಕ್ಕೆ ಸೇರುತ್ತದೆ. ಜೇಡಿ ನೆಂದು ಮೃದುವಾಗುತ್ತದೆ. ಸೂಕ್ಷ್ಮ ಬಿರುಕುಗಳ ತುದಿಯಲ್ಲಿ ನೀರಿನ ಅಣುಗಳು ಸಿಲಿಕಾನ್-ಆಮ್ಲಜನಕಗಳ ಬಂಧವನ್ನೇ ಸಡಿಲಿಸುತ್ತವೆ. ಜೇಡಿ ಹೆಚ್ಚಾಗಿರುವ ಕೆಲವು ಮರಳುಗಲ್ಲುಗಳು ಪೂರ್ತಿ ನೆಂದಾಗ ತಮ್ಮ ಬಲದಲ್ಲಿ ಅರ್ಧಕ್ಕಿಂತಲೂ ಹೆಚ್ಚನ್ನು ಕಳೆದುಕೊಳ್ಳುತ್ತವೆ. ನಿನ್ನೆ ಒಬ್ಬನ ಭಾರವನ್ನು ಹೊತ್ತ ಬೆರಳಗಲದ ಅಂಚು ಇಂದು ಅವನ ಕೈಗೇ ಕಿತ್ತು ಬರಬಹುದು.

ಚಳಿಗಾಲದ ಮೋಸ ಇಲ್ಲಿಯೇ ಇದೆ. ತಂಪಿನಲ್ಲಿ ಬೆರಳು ಬೆವರುವುದಿಲ್ಲ, ಹಿಡಿತ ಚೆನ್ನಾಗಿರುತ್ತದೆ, ಹತ್ತುವವನಿಗೆ ಉತ್ಸಾಹವೂ ಹೆಚ್ಚು. ಆದರೆ ಕಲ್ಲು ಬೇಗನೆ ಒಣಗದು. ಒಂದು ಘನ ಮೀಟರು ಗಾಳಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿಯಬಲ್ಲುದು. 0 ಡಿಗ್ರಿಯಲ್ಲಿ ಸುಮಾರು 5 ಗ್ರಾಂ ಮಾತ್ರ. ಆದುದರಿಂದ ಬಾಷ್ಪೀಭವನ ಬಹಳ ನಿಧಾನ. ಹೊರಮೈ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ.

ಹಿಮದ ಪಾತ್ರ ಇನ್ನೂ ವಿಚಿತ್ರವಾದುದು. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇಕಡ 9ರಷ್ಟು ಹಿಗ್ಗಿ ಕಣಗಳ ಬಂಧವನ್ನು ಘಾಸಿಗೊಳಿಸುತ್ತದೆ. ಆದರೂ ಮುಂಜಾನೆ ಕಲ್ಲು ಗಟ್ಟಿಯಾಗಿಯೇ ತೋರುತ್ತದೆ. ಏಕೆಂದರೆ ಆಗ ಕಣಗಳನ್ನು ಹಿಡಿದಿರುವುದು ಮಂಜುಗಡ್ಡೆ! ಬಿಸಿಲೇರಿ ಅದು ಕರಗಿದೊಡನೆ ಕಲ್ಲಿನ ನಿಜಸ್ಥಿತಿ ಬಯಲಾಗುತ್ತದೆ. ಆ ಹೊತ್ತಿಗೆ ಆರೋಹಿ ಅರ್ಧ ದಾರಿಯಲ್ಲಿರುತ್ತಾನೆ.

ಹಾಗಾದರೆ ಪರೀಕ್ಷಿಸುವುದು ಹೇಗೆ? ಬಂಡೆಯ ಬುಡದ ಮಣ್ಣನ್ನು ತುಸು ಕೆದಕಿ ನೋಡಬೇಕು. ಅದು ತೇವವಾಗಿದ್ದರೆ ಬಂಡೆಯನ್ನೂ ತೇವವೆಂದೇ ಎಣಿಸಿ ಹಿಂದಿರುಗುವುದು ವಿವೇಕ. ಮೃದುವಾದ ಕಲ್ಲಿಗೆ ಗಾಯವಾಗದಿರಲೆಂದೇ ಎಲ್ಬೆಯ ಆರೋಹಿಗಳು ಬಿರುಕುಗಳಲ್ಲಿ ಲೋಹದ ಬೆಣೆಗಳ ಬದಲು ಗಂಟು ಹಾಕಿದ ಹಗ್ಗಗಳನ್ನು ಸಿಕ್ಕಿಸುತ್ತಾರೆ.

ನಮ್ಮ ಬಾದಾಮಿಯ ಮರಳುಗಲ್ಲನ್ನು ಹೆಪ್ಪುಗಟ್ಟಿಸುವ ಚಳಿ ಇಲ್ಲ; ಆದರೆ ಮಳೆಯ ಮರುದಿನ ಅಲ್ಲಿಯೂ ಇದೇ ಎಚ್ಚರಿಕೆ ಬೇಕು. ಬಿದ್ದವನನ್ನು ಹಗ್ಗ ಹಿಡಿದು ಉಳಿಸಬಹುದು. ಮುರಿದುಬಿದ್ದ ಅಂಚನ್ನು ಬಂಡೆಗೆ ಮರಳಿ ಅಂಟಿಸಬಲ್ಲವರು ಯಾರೂ ಇಲ್ಲ.